100 ಬರ್ಬೇಕಿದ್ದ ಕಡೆ 55 ಬಂತು

ನಾನು ಮೊದಲ್ನೇ ಸಲ ಲ್ಯಾಬಲ್ಲಿ ರೀಡಿಂಗ್ ಕುಕ್ ಮಾಡಿದ್ದು, ಅಂದ್ರೆ ಬಂದಿದ್ದನ್ನ ಬಿಟ್ಟು ಬರ್ಬೇಕಿದ್ದ ನಂಬರ್ ಬರೆದಿದ್ದು, ಥರ್ಡ್ ಸೆಮ್ಮಲ್ಲಿ, ಸಿಕ್ಕಿಹಾಕ್ಕೊಂಡಿದ್ದೂ ಅವತ್ತೇ. ಎಕ್ಸ್‌ಪೆರಿಮೆಂಟ್ ಏನ್ ದೊಡ್ಡದಲ್ಲ, ಆರ್‌ಎಲ್ ಸರ್ಕ್ಯೂಟಿನ ಸ್ಟೆಪ್ ರೆಸ್ಪಾನ್ಸು, ಅಂದ್ರೆ ರೆಸಿಸ್ಟರು ಕಾಯಿಲು ಜೋಡಿಸಿ ದಿಢೀರಂತ ವೋಲ್ಟೇಜ್ ಕೊಟ್ರೆ ಏನಾಗುತ್ತೆ ಅಂತ ನೋಡೋದು. 100 ಓಮ್ ರೆಸಿಸ್ಟರು, 10 ಮಿಲಿಹೆನ್ರಿ ಕಾಯಿಲು ಸೀರೀಸಲ್ಲಿ ಹಾಕಿ, ಫಂಕ್ಷನ್ ಜನರೇಟರಿಂದ 0 ಟು 5 ವೋಲ್ಟಿನ ಸ್ಕ್ವೇರ್ ವೇವು 1 ಕಿಲೋಹರ್ಟ್ಸಲ್ಲಿ ಕೊಟ್ಟು, ರೆಸಿಸ್ಟರ್ ಮೇಲಿನ ವೋಲ್ಟೇಜನ್ನ ಸಿಆರ್‌ಓದಲ್ಲಿ (ವೋಲ್ಟೇಜನ್ನ ಗ್ರಾಫ್ ಥರ ಸ್ಕ್ರೀನಲ್ಲಿ ತೋರಿಸೋ ಮಷೀನು) ನೋಡಿ ಟೈಮ್ ಕಾನ್‌ಸ್ಟಂಟ್, ಅಂದ್ರೆ ಕೊನೇ ವೋಲ್ಟೇಜಿನ 63.2 ಪರ್ಸೆಂಟ್ ಮುಟ್ಟೋಕೆ ಹಿಡಿಯೋ ಟೈಮು, ಅಳೀಬೇಕು. ಲೆಕ್ಕದ ಪ್ರಕಾರ ಅದು ಎಲ್ ಬೈ ಆರ್, ಕಾಯಿಲಿನ ಹೆನ್ರಿನ ಓಮಿಂದ ಭಾಗಿಸಿದ್ರೆ ಬರೋದು, ಅಂದ್ರೆ 100 ಮೈಕ್ರೋಸೆಕೆಂಡು.

ಶುರುವಲ್ಲೇ ಅರ್ಧ ಗಂಟೆ ಹಾಳಾಯ್ತು. ರೆಸಿಸ್ಟರ್ ಮೇಲ್ಗಡೆ, ಕಾಯಿಲ್ ಗ್ರೌಂಡ್ ಕಡೆ ಹಾಕಿದ್ವಿ, ಸಿಆರ್‌ಓ ಪ್ರೋಬಿನ (ಅಳೆಯೋ ವೈರಿನ) ಗ್ರೌಂಡ್ ಕ್ಲಿಪ್ ತಗೊಂಡೋಗಿ ಎರಡರ ಮಧ್ಯಕ್ಕೆ ಸಿಕ್ಕಿಸಿದ್ವಿ, ಸ್ಕ್ರೀನಲ್ಲಿ ನೋಡಿದ್ರೆ ಚೌಕಾಕಾರ ಹಾಗೇ ಇದೆ, ಕರ್ವೇ ಇಲ್ಲ. ಕಾಯಿಲ್ ಹೋಗಿದೆ ಅಂತ ಎರಡು ಕಾಯಿಲ್ ಬದಲಾಯಿಸಿದ್ದೂ ಆಯ್ತು. ಕೊನೆಗೆ ಇನ್‌ಸ್ಟ್ರಕ್ಟರ್ ಬಂದು "ಎರಡು ಮಷೀನಿನ ಗ್ರೌಂಡೂ ಒಳಗೊಳಗೇ ಒಂದೇ ಕಣ್ರಪ್ಪಾ, ಕ್ಲಿಪ್ ಹಾಕಿ ಕಾಯಿಲನ್ನೇ ಶಾರ್ಟ್ ಮಾಡಿದೀರ" ಅಂತ ಎರಡನ್ನೂ ಅದಲು ಬದಲು ಮಾಡಿಕೊಟ್ರು. ಆಗ ಬಂತು ನೋಡಿ ಕರ್ವು, ಹಸಿದವನು ಮದುವೆ ಊಟಕ್ಕೆ ಕೂತ ಹಾಗೆ, ಮೊದಲು ಗಬಗಬ ಮೇಲೇರಿ ಹೊಟ್ಟೆ ತುಂಬ್ತಾ ತುಂಬ್ತಾ ನಿಧಾನ ಆಗಿ ಆಮೇಲೆ ಸಾಕಪ್ಪಾ ಅಂತ ಅಡ್ಡಡ್ಡ ಮಲಗೋದು.

ಆದ್ರೆ ಅದು ಮಲಗಿದ್ದು 2.78 ವೋಲ್ಟಲ್ಲಿ. ಅದರ 63.2 ಪರ್ಸೆಂಟು 1.76, ಅಲ್ಲಿಗೆ ಮುಟ್ಟೋಕೆ ತಗೊಂಡ ಟೈಮು 55 ಮೈಕ್ರೋಸೆಕೆಂಡು. ಮೂರು ಸಲ ನೋಡಿದ್ರೂ ಅಷ್ಟೇ. ನಾಲ್ಕೂವರೆ ಬಸ್ಸು ಬೇರೆ. ಇರ್ಲಿ ಬಿಡು ಅಂತ ಟೇಬಲಲ್ಲಿ 5 ವೋಲ್ಟ್, 3.16, 100 ಅಂತ ಮುದ್ದಾಗಿ ಬರೆದೆ. ಗ್ರಾಫ್ ಮಾತ್ರ ಸ್ಕ್ರೀನಲ್ಲಿ ಇದ್ದಿದ್ದನ್ನೇ ನಿಯತ್ತಾಗಿ ಇಳಿಸಿಬಿಟ್ಟಿದ್ದೆ, ದಡ್ಡತನ ಅಂದ್ರೆ ಅದು.

ಮೇಡಂ ಎರಡನ್ನೂ ನೋಡಿ "ಗ್ರಾಫು 2.8ಕ್ಕೆ ನಿಂತಿದೆ, ಟೇಬಲು 5 ಅಂತಿದೆ, ಮಿಕ್ಕಿದ್ದೆಲ್ಲಿ ಹೋಯ್ತು?" ಅಂದ್ರು. ಸ್ಟೆಡಿ ಸ್ಟೇಟಲ್ಲಿ ಇಂಡಕ್ಟರ್ ಶಾರ್ಟ್ ಸರ್ಕ್ಯೂಟು ಮೇಡಂ ಅಂತ, ಅಂದ್ರೆ ಕರೆಂಟ್ ಸ್ಥಿರ ಆದ್ಮೇಲೆ ಕಾಯಿಲಿಗೆ ರೆಸಿಸ್ಟೆನ್ಸೇ ಇಲ್ಲ ಅಂತ, ಬಾಯಿಪಾಠ ಒಪ್ಪಿಸ್ದೆ. "ಹೌದಾ, ತೆಗೆದು ಅಳಿ" ಅಂತ ಮಲ್ಟಿಮೀಟರ್ ಕೈಗೆ ಕೊಟ್ರು. ಕಾಯಿಲಲ್ಲೇ 30 ಓಮ್! ಅಷ್ಟುದ್ದ ಸಣ್ಣ ತಾಮ್ರದ ತಂತಿ ಸುತ್ತಿದಾರಲ್ಲ, ಬರದೆ ಇರುತ್ತಾ. ಆಮೇಲೆ ಪೆನ್ನಲ್ಲಿ ಜನರೇಟರಿನ ಔಟ್‌ಪುಟ್ ಸಾಕೆಟ್ ಪಕ್ಕ ಟಕ್ ಟಕ್ ಅಂತ ತಟ್ಟಿದ್ರು. ಅಲ್ಲಿ 50 ಓಮ್ ಅಂತ ಪ್ರಿಂಟ್ ಆಗಿತ್ತು, ಜನರೇಟರ್ ಒಳಗಿನ ರೆಸಿಸ್ಟೆನ್ಸು ಅದು, ಬೆಳಿಗ್ಗೆಯಿಂದ ನಮ್ಮ ಮೂಗಿನ ಮುಂದೇನೇ ಇತ್ತು. 100, 30, 50, ಒಟ್ಟು 180. ಕ್ಯಾಲ್ಕುಲೇಟರ್ ಒತ್ತಿದೆ, 10 ಮಿಲಿಹೆನ್ರಿ ಬೈ 180 ಅಂದ್ರೆ 55.6 ಮೈಕ್ರೋಸೆಕೆಂಡ್, 5 ವೋಲ್ಟಲ್ಲಿ 180ಕ್ಕೆ 100 ಪಾಲು ಅಂದ್ರೆ 2.78, ಎರಡೂ ಕರೆಕ್ಟು. ಕುಕ್ ಮಾಡದೆ ಇದ್ದಿದ್ರೆ ಸರಿಯಾಗೇ ಬಂದಿತ್ತಲ್ಲ ಅಂತ ಹೊಟ್ಟೆ ಉರೀತು.

ಪೂರ್ತಿ ಪೇಜಿಗೆ ಕೆಂಪು ಗೀಟು ಬಿತ್ತು, ಬಸ್ಸೂ ಹೋಯ್ತು. ಪಕ್ಕದ ಬೆಂಚಿನವರ ಟೇಬಲಲ್ಲೂ 100 ಅಂತಾನೇ ಇತ್ತು, ನಮ್ಮ ಕಥೆ ಕೇಳಿಸ್ಕೊಂಡು ಅವರು ಮೆಲ್ಲಗೆ ರಬ್ಬರ್ ಹುಡುಕ್ತಿದ್ರು.