ಹೊಳವಾಯಿತೇ ಎಂಬ ಪ್ರಶ್ನೆ, ಮ್ಯಾಂಚೆಸ್ಟರಿನಲ್ಲಿ

ಇಂಗ್ಲೆಂಡಿನ ಜನ ಭೇಟಿಯಾದಾಗಲೆಲ್ಲ ಮಳೆ, ಮೋಡ, ಚಳಿ ಎಂದೇ ಮಾತು ತೆಗೆಯುತ್ತಾರಂತೆ, ಅವರಿಗೆ ಬೇರೆ ವಿಷಯವೇ ಇಲ್ಲವೇ ಎಂದು ರಜೆಗೆ ತೀರ್ಥಹಳ್ಳಿಗೆ ಬಂದಾಗ ಹಲವರು ನನ್ನನ್ನು ಕೇಳಿದ್ದಾರೆ. ಕೇಳುವವರ ಮನಸ್ಸಿನಲ್ಲಿ ಅದು ಹುರುಳಿಲ್ಲದ ಮಾತು ಎಂಬ ತೀರ್ಮಾನ ಮೊದಲೇ ಇರುತ್ತದೆ. ಮ್ಯಾಂಚೆಸ್ಟರಿನಲ್ಲಿ ವರ್ಷಗಟ್ಟಲೆ ಬಾಳಿದ ಮೇಲೆ ನಾನು ಆ ತೀರ್ಮಾನವನ್ನು ಒಪ್ಪಲಾರೆ. ಹವೆಯ ಮಾತು ನಮ್ಮಲ್ಲಿ ಮಾಡುವ ಕೆಲಸ ಒಂದು, ಇಲ್ಲಿ ಮಾಡುವ ಕೆಲಸ ಇನ್ನೊಂದು.

ನಮ್ಮ ಕಡೆಯದನ್ನೇ ಮೊದಲು ನೋಡೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುತ್ತದೆ. ಆ ದಿನಗಳಲ್ಲಿ ಹೊಸನಗರದ ಬಸ್ಸಿನಲ್ಲಿ ಪರಿಚಯದ ಇಬ್ಬರು ಎದುರಾದರೆ "ನಿಮ್ಮ ಕಡೆ ಹೊಳವಾಯಿತಾ?" ಎಂದು, ಅಂದರೆ ಮಳೆ ಬಿಟ್ಟಿತೇ ಎಂದು, ಒಬ್ಬರು ಕೇಳುತ್ತಾರೆ, "ಎಲ್ಲಿಯ ಹೊಳವು ಮಾರಾಯ್ರೇ, ರಾತ್ರಿಯಿಡೀ ಹೊಡೆದಿದೆ" ಎಂದು ಇನ್ನೊಬ್ಬರು ಹೇಳುತ್ತಾರೆ. ಕೇಳಿದವರಿಗೆ ಆ ಉತ್ತರ ನಿಜವಾಗಿಯೂ ಬೇಕು. ಅಡಿಕೆಗೆ ಕೊಳೆರೋಗ ತಗಲದಂತೆ ಬೋರ್ಡೋ ದ್ರಾವಣ ಹೊಡೆಯಬೇಕಾದರೆ, ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಆ ಔಷಧಿ ಕಾಯಿಗೆ ಹಿಡಿದು ಆರುವಷ್ಟು ಹೊತ್ತಾದರೂ ಮಳೆ ಬಿಟ್ಟಿರಬೇಕು. ಹಾಗೆ ಬಿಟ್ಟ ದಿನ ಊರಿನ ಎಲ್ಲ ತೋಟಗಳಿಗೂ ಕೊನೆಗಾರರು ಒಟ್ಟಿಗೇ ಬೇಕಾಗುತ್ತಾರೆ. ಪಾಚಿಗಟ್ಟಿ ಜಾರುವ ಮರವನ್ನು ಹತ್ತುವ ಆ ಕೊನೆಗಾರರಿಗಂತೂ ಹೊಳವೆಂಬುದು ಜೀವದ ಪ್ರಶ್ನೆ.

ಮಳೆಯ ಲೆಕ್ಕವೂ ನಮ್ಮಲ್ಲಿ ಎಲ್ಲರಿಗೂ ಸೇರಿದ್ದು. ಸೂರ್ಯ 27 ನಕ್ಷತ್ರಗಳಲ್ಲಿ ಒಂದೊಂದನ್ನು ದಾಟುವ ಹದಿಮೂರು ಹದಿನಾಲ್ಕು ದಿನಗಳೇ ಒಂದೊಂದು ಮಳೆ. ಆರಿದ್ರೆ ಕೈಕೊಟ್ಟಿತು, ಪುನರ್ವಸುವಾದರೂ ಹಿಡಿದೀತೇ ಎಂದು ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ಹೇಳಿದರೆ, ಅದರಲ್ಲಿ ಗದ್ದೆಯ ನಾಟಿ, ಆಳಿನ ಏರ್ಪಾಡು, ಮುಂದಿನ ವರ್ಷದ ಅಕ್ಕಿ ಎಲ್ಲವೂ ಸೇರಿರುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ತೋಟ ಗದ್ದೆಗಳಿಲ್ಲದ ಶಿವಮೊಗ್ಗ ಪೇಟೆಯವರೂ ಇದರಿಂದ ಹೊರಗಿಲ್ಲ. ಶೃಂಗೇರಿಯ ಕಡೆ ಮಳೆ ಜೋರಾದರೆ ಗಾಜನೂರು ಅಣೆಕಟ್ಟೆಯಿಂದ ನೀರು ಬಿಡುತ್ತಾರೆ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯಲ್ಲಿರುವ ಕಲ್ಲಿನ ಮಂಟಪ ಮುಳುಗಿದರೆ ಹೊಳೆ ತುಂಬಿತೆಂದು ಲೆಕ್ಕ. ಅಂಥ ದಿನ ಅಂಗಡಿಯಲ್ಲಿ, ಕಚೇರಿಯಲ್ಲಿ ಮೊದಲ ಮಾತು "ಮಂಟಪ ಮುಳುಗಿತಾ?" ಎಂಬುದೇ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಭರ್ತಿಯಾಗಲು ನೀರು ಸಮುದ್ರಮಟ್ಟದಿಂದ 1,819 ಅಡಿ ಮುಟ್ಟಬೇಕೆಂಬುದು ಸಾಗರದ ಶಾಲೆಯ ಮಕ್ಕಳಿಗೂ ಬಾಯಿಪಾಠ.

ಮ್ಯಾಂಚೆಸ್ಟರಿಗೆ ಮಳೆಯ ಊರೆಂಬ ಹೆಸರಿದ್ದರೂ ಅಲ್ಲಿ ವರ್ಷಕ್ಕೆ ಬೀಳುವುದು 800ರಿಂದ 900 ಮಿಲಿಮೀಟರ್ ಮಾತ್ರ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆದರೆ ಆ ಸ್ವಲ್ಪ ಮಳೆ ಹನ್ನೆರಡು ತಿಂಗಳಿಗೂ ಹರಡಿಕೊಂಡಿದೆ. ಅಟ್ಲಾಂಟಿಕ್ ಸಾಗರದ ಮೇಲಿನಿಂದ ಪಡುವಣ ಗಾಳಿ ಒಂದರ ಹಿಂದೊಂದು ವಾಯುಭಾರ ಕುಸಿತವನ್ನು ತರುತ್ತಿರುವುದರಿಂದ, ಬೆಳಿಗ್ಗೆಯ ಬಿಸಿಲು ಮಧ್ಯಾಹ್ನಕ್ಕೆ ಉಳಿಯುತ್ತದೆಂಬ ಭರವಸೆ ಇಲ್ಲ. ನಮ್ಮಲ್ಲಿ ಜುಲೈನಲ್ಲಿ ಮಳೆ ಬರುವುದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಎಂದಷ್ಟೇ ಕೇಳುತ್ತೇವೆ. ಇಲ್ಲಿ ಅದೂ ಖಾತ್ರಿಯಿಲ್ಲದ ಕಾರಣ ವಿಷಯ ಎಂದೂ ಹಳತಾಗುವುದಿಲ್ಲ. ಇಬ್ಬರು ಇಂಗ್ಲಿಷರು ಕೂಡಿದರೆ ಮೊದಲ ಮಾತು ಹವೆಯದೇ ಎಂದು ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1758ರಲ್ಲೇ ಬರೆದಿದ್ದಾರೆ. ಪತ್ರಿಕೆಯಲ್ಲಿ ಹವಾಮಾನದ ಮುನ್ಸೂಚನೆ ಮೊದಲು ಅಚ್ಚಾದದ್ದು 1861ರಲ್ಲಿ, ಅಂದರೆ ಅಭ್ಯಾಸ ಮುನ್ಸೂಚನೆಗಿಂತ ನೂರು ವರ್ಷ ಹಳೆಯದು.

ಇಷ್ಟರಿಂದಲೇ ಎಲ್ಲವೂ ವಿವರವಾಗುವುದಿಲ್ಲ. ಬಸ್ ನಿಲ್ದಾಣದಲ್ಲಿ ನೆನೆಯುತ್ತ ನಿಂತ ಇಬ್ಬರಲ್ಲಿ ಒಬ್ಬರು "ಏನು ಮಳೆ, ಅಲ್ಲವೇ" ಎಂದರೆ ಇನ್ನೊಬ್ಬರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ 1923ರಲ್ಲಿ ಇಂಥ ಮಾತನ್ನೇ ಕುರಿತು ಬರೆದರು. ಸುದ್ದಿ ಮುಟ್ಟಿಸುವುದು ಅದರ ಉದ್ದೇಶವಲ್ಲ, ಆಡುವುದರಿಂದಲೇ ಇಬ್ಬರ ನಡುವೆ ನಂಟು ಬೆಳೆಯುತ್ತದೆ, ಅಪರಿಚಿತನ ಮೌನ ಮನುಷ್ಯನಲ್ಲಿ ಅಳುಕನ್ನು ಹುಟ್ಟಿಸುತ್ತದೆ ಎಂಬುದು ಅವರ ವಾದ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬಾಳಿ ಬಂದಿದ್ದ ಅವರು ಇದನ್ನು ಇಂಗ್ಲಿಷರ ವೈಶಿಷ್ಟ್ಯವೆಂದು ಬಗೆಯಲಿಲ್ಲ, ಎಲ್ಲ ಸಮಾಜಗಳ ಗುಣವೆಂದು ಬಗೆದರು.

ಹಾಗಾದರೆ ಅದಕ್ಕೆ ಹವೆಯೇ ಏಕೆ ಬೇಕು? ಈ ನಾಡಿನಲ್ಲಿ ಅಪರಿಚಿತರ ಮನೆ, ಮದುವೆ, ಮಕ್ಕಳು, ಸಂಬಳ ಯಾವುದನ್ನೂ ಕೇಳುವಂತಿಲ್ಲ. ನಮ್ಮಲ್ಲಿ "ಯಾವ ಊರಾಯಿತು? ಅಲ್ಲಿ ಯಾರ ಮನೆ?" ಎಂಬ ಎರಡು ಪ್ರಶ್ನೆಗಳು ಮುಗಿಯುವುದರೊಳಗೆ ಯಾರಾದರೊಬ್ಬ ನೆಂಟರೋ ಪರಿಚಿತರೋ ಸಿಕ್ಕಿಬಿಡುತ್ತಾರೆ. ಆ ಆತ್ಮೀಯತೆಯನ್ನು ನಾನು ಇಂದಿಗೂ ಬಯಸುತ್ತೇನೆ. ಆದರೆ ಯಾರ ಮನೆಯೆಂಬ ಪ್ರಶ್ನೆಯೊಳಗೆ ಜಾತಿಯನ್ನು ಅಳೆಯುವ ಕೆಲಸವೂ ನಡೆದಿರುತ್ತದೆ, ಅದಕ್ಕೆ ಸಲೀಸಾಗಿ ಉತ್ತರ ಕೊಡಲಾಗದವರು ನಮ್ಮ ನಡುವೆಯೇ ಇದ್ದಾರೆ ಎಂಬುದನ್ನು ದೂರದಲ್ಲಿ ನಿಂತು ನೋಡಿದಾಗ ಮರೆಯಲಾಗುವುದಿಲ್ಲ. ಮಳೆಯ ಮಾತು ಯಾರ ಹಿನ್ನೆಲೆಯನ್ನೂ ಕೇಳುವುದಿಲ್ಲ. ವಲಸೆ ಬಂದವನಿಗೂ ಇಲ್ಲಿಯೇ ಹುಟ್ಟಿದವನಿಗೂ ಅದರ ಬಗ್ಗೆ ಹೇಳಲು ಸಮನಾದ ಹಕ್ಕಿದೆ.

ನಮ್ಮ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಬಹಳ ಕಾಲ ಬಿಸಿಲು ಮೋಡಗಳ ಹೊರತು ಬೇರೇನನ್ನೂ ಆಡಿರಲಿಲ್ಲ. ನಾವು ಚಳಿಗಾಲದಲ್ಲಿ ಶಿವಮೊಗ್ಗಕ್ಕೆ ಹೊರಟಾಗ ಅವರಾಗಿಯೇ ಬಂದು, ಈ ವಾರ ನೀರು ಹೆಪ್ಪುಗಟ್ಟುವ ಚಳಿ ಬರಲಿದೆ, ಪೈಪು ಒಡೆದರೆ ಮನೆಯೆಲ್ಲ ನೀರಾಗುತ್ತದೆ, ಬೀಗದ ಕೈ ನನ್ನಲ್ಲಿರಲಿ ಎಂದರು. ಅಲ್ಲಿಯವರೆಗಿನ ಮಾತುಗಳಿಲ್ಲದೆ ಅವರು ಹಾಗೆ ಕೇಳಲೂ ಆಗುತ್ತಿರಲಿಲ್ಲ, ನಾವು ಕೊಡಲೂ ಆಗುತ್ತಿರಲಿಲ್ಲ.

ನಮ್ಮ ಜಿಲ್ಲೆಯಿಂದ ಓದಲು ಬರುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು. ಯಾರಾದರೂ ಮಳೆ ಹೆಚ್ಚಾಯಿತು ಎಂದಾಗ, ನಮ್ಮೂರಿನ ಮಳೆಯ ಮುಂದೆ ಇದು ಏನೂ ಅಲ್ಲ ಎಂದು ಕೂಡಲೇ ಹೇಳಬೇಡಿ. ಅದು ನಿಜವೇ ಆದರೂ, ಅವರು ಕೇಳಿದ್ದು ಸಮ್ಮತಿಯನ್ನು. ಮೊದಲು ಹೌದೆನ್ನಿ, ಆಗುಂಬೆಯನ್ನು ಎರಡನೆಯ ಮಾತಿಗೆ ಇಟ್ಟುಕೊಳ್ಳಿ. ಏಳು ಮೀಟರ್ ಮಳೆಯೆಂದರೆ ಅವರು ಬೆರಗಾಗಿ, ಹಾಗಾದರೆ ಬಟ್ಟೆ ಒಣಗಿಸುವುದು ಹೇಗೆ ಎಂದು ಕೇಳುತ್ತಾರೆ. ಆಗ ಬಚ್ಚಲೊಲೆಯ ಬಿಸಿಗೆ ಹಗ್ಗ ಕಟ್ಟಿ ಬಟ್ಟೆ ಹರವುವುದನ್ನೂ, ಒಣಗಿದ ಮೇಲೂ ಉಳಿಯುವ ಹೊಗೆಯ ವಾಸನೆಯನ್ನೂ ಸಾವಕಾಶವಾಗಿ ವಿವರಿಸಬಹುದು.