ಒಂಟಿ ಫ್ಲಿಪ್ಪರ್

ಹನ್ನೊಂದು ವರ್ಷದಿಂದ ಮುಂಬೈಯಲ್ಲಿ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಡೊಂಬಿವಲಿಯ ಮನೆಯಲ್ಲೇ ಹೆಚ್ಚಿನ ಕೆಲಸ, ವಾರಕ್ಕೊಮ್ಮೆ ಅಂಧೇರಿಯ ಸ್ಟುಡಿಯೊ. ಇಷ್ಟು ವರ್ಷದಲ್ಲಿ ತಪ್ಪುಗಳನ್ನು ರಾಶಿ ರಾಶಿ ಮಾಡಿದ್ದೇನೆ. ಆದರೆ ಒಂದು ಹಾಡಿನ ನಾಲ್ಕು ಸಾಲು ಕಲಿಸಿದಷ್ಟನ್ನು ಬೇರೆ ಯಾವ ತಪ್ಪೂ ಕಲಿಸಿಲ್ಲ.

ಅದು ಇಂಗ್ಲಿಷ್ ಸರಣಿಯೊಂದರ ಎಪಿಸೋಡ್. ಹೆಸರು ಹೇಳುವ ಹಾಗಿಲ್ಲ, ಒಪ್ಪಂದ ಅಡ್ಡ ಬರುತ್ತದೆ. ಕಥಾನಾಯಕಿ ಆರನೇ ವಯಸ್ಸಿಗೇ ಟಿವಿ ಜಾಹೀರಾತಿನಿಂದ ಮನೆಮಾತಾದವಳು, ಮೂವತ್ತರ ಹೊತ್ತಿಗೆ ರಾಕ್ ಬ್ಯಾಂಡ್ ಕಟ್ಟಿಕೊಂಡು ಬಾರುಗಳಲ್ಲಿ ಕಿರುಚುತ್ತಾ ಹಾಡುತ್ತಾಳೆ. ಆ ಕಿರುಚಾಟದಲ್ಲಿ ಒಂದು ಸಾಲಿನ ನೇರ ಅರ್ಥ ಹೀಗೆ: ನೀನೋ ನೀವೋ ನನಗೆ ಫ್ಲಿಪ್ಪರ್ ತೊಡಿಸಿದೆ, ನಾನು ನಕ್ಕೆ. ಮುಂದಿನ ಸಾಲು: ಆ ನಗುವನ್ನು ಮಾರಿದೆ.

ನಾನು ಬರೆದದ್ದು: 'ನೀವು ಈಜುರೆಕ್ಕೆ ತೊಡಿಸಿದಿರಿ, ನಾನು ನಕ್ಕೆ.'

ಫ್ಲಿಪ್ಪರ್ ಅಂದರೆ ಈಜುವಾಗ ಕಾಲಿಗೆ ಹಾಕಿಕೊಳ್ಳುವ ರೆಕ್ಕೆ ಅಂತಷ್ಟೇ ಗೊತ್ತಿತ್ತು, ಈಜುಕೊಳದಲ್ಲಿ ಜಾಹೀರಾತಿನ ಶೂಟಿಂಗ್ ನಡೆದಿರಬೇಕು ಅಂದುಕೊಂಡೆ. 'ನೀವು' ಅಂದರೆ ಅಭಿಮಾನಿಗಳು, ಜನ. ಬಾಲನಟ ಅಂದ ಕೂಡಲೇ ನಮ್ಮವರ ಕಣ್ಣಿಗೆ ಕಟ್ಟುವುದು ಪುನೀತ್. 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಹುಡುಗ 2002ರಲ್ಲಿ 'ಅಪ್ಪು' ಆಗಿ ಬಂದು ಕುಣಿದದ್ದು. ಆ ಕಲ್ಪನೆಯಲ್ಲಿ ಜನ ಅಂದರೆ ಪ್ರೀತಿಸುವವರು, ಎತ್ತಿ ಆಡಿಸುವವರು. ನಾನು ಅದೇ ಕನ್ನಡಕ ಹಾಕಿಕೊಂಡು ಹಾಡು ಕೇಳಿದ್ದೆ. ಹಾಗಾಗಿ ಎಲ್ಲ ಕಡೆಯೂ ಬಹುವಚನ, ಎಲ್ಲ ಕಡೆಯೂ ಜನ.

ನಮ್ಮ ರಿವ್ಯೂವರ್ ಧಾರವಾಡದ ಕಡೆಯವರು, ಪುಣೆಯ ಕೋಥ್ರೂಡಿನಲ್ಲಿ ಮನೆ. ಮೇಲ್ ಬರೆಯುವ ಅಭ್ಯಾಸವೇ ಇಲ್ಲ, ನೇರ ಫೋನು.

"ಏನ್ರೀ ಮೇಡಂ, ಈಕಿ ಒಂದ ಕಾಲಿಗೆ ಫ್ಲಿಪ್ಪರ್ ಹಾಕ್ಕೊಂಡು ಹೆಂಗ ಈಜ್ತಾಳ?"

ಆಗ ತಿರುಗಿ ಕೇಳಿದೆ. ಹೌದು, ಅವಳು ಹಾಡಿದ್ದು ಏಕವಚನದಲ್ಲಿ. ಈಜುರೆಕ್ಕೆ ಯಾವತ್ತೂ ಜೋಡಿ. ಇಂಗ್ಲಿಷಿನಲ್ಲಿ ಬಹುವಚನದ ಆ ಒಂದು 'ಎಸ್' ಇಲ್ಲದಿರುವುದೇ ಸುಳಿವಾಗಿತ್ತು. ಕನ್ನಡದಲ್ಲಿ 'ಚಪ್ಪಲಿ ಹಾಕಿಕೋ' ಅಂದರೆ ಒಂದೂ ಆಗುತ್ತದೆ, ಎರಡೂ ಆಗುತ್ತದೆ. ಹಾಗಾಗಿ ನನ್ನ ಸಾಲು ಕಿವಿಗೆ ಎಲ್ಲೂ ಕುಟುಕಲಿಲ್ಲ. ಭಾಷೆ ನನ್ನ ತಪ್ಪನ್ನು ಅಚ್ಚುಕಟ್ಟಾಗಿ ಮುಚ್ಚಿಹಾಕಿತ್ತು.

ಹುಡುಕಿದಾಗ ಸಿಕ್ಕಿತು. ಅಮೆರಿಕದಲ್ಲಿ ಜಾಹೀರಾತು, ಸೌಂದರ್ಯ ಸ್ಪರ್ಧೆಗಳಲ್ಲಿ ಇರುವ ಮಕ್ಕಳಿಗೆ ಹಾಲುಹಲ್ಲು ಉದುರಿದರೆ ಆ ಸಂದು ಕಾಣದಂತೆ ತೆಗೆದು ಹಾಕುವ ಒಂದು ಕಟ್ಟುಹಲ್ಲು ಮಾಡಿಸುತ್ತಾರೆ. ಅದನ್ನು ಆ ಕಸುಬಿನವರು ಫ್ಲಿಪ್ಪರ್ ಅನ್ನುತ್ತಾರೆ. ಹೊಸ ರೂಢಿಯೇನಲ್ಲ, 1930ರ ದಶಕದಲ್ಲಿ ಶರ್ಲಿ ಟೆಂಪಲ್‌ಗೂ ಹಲ್ಲು ಬಿದ್ದಾಗ ಕ್ಯಾಮೆರಾ ಮುಂದೆ ಹೀಗೇ ಕಟ್ಟುಹಲ್ಲು ಹಾಕುತ್ತಿದ್ದರು. ನಮ್ಮಲ್ಲಿ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುವುದು. ಡೊಂಬಿವಲಿಯ ಚಾಳಿನಲ್ಲಿ ಸಗಣಿ ಎಲ್ಲಿಂದ ತರುವುದು, ಅಮ್ಮ ಬರೀ ಹಲ್ಲನ್ನೇ ಪತ್ರಾದ, ಅಂದರೆ ತಗಡಿನ ಮಾಡಿನ, ಮೇಲೆ ಎಸೆಸಿದ್ದಳು. ಟಣ್ ಅಂದದ್ದು ಇನ್ನೂ ನೆನಪಿದೆ. ಆಮೇಲೆ ಎರಡು ತಿಂಗಳು ಬೊಚ್ಚುಬಾಯಿ ಬಿಟ್ಟುಕೊಂಡು ಓಡಾಡಿದೆ, ಯಾರ ಗಂಟೂ ಹೋಗಲಿಲ್ಲ.

ಫ್ಲಿಪ್ಪರ್ ಹಲ್ಲಾದ ಕೂಡಲೇ 'ನೀವು' ತಾನಾಗಿ ಬಿದ್ದುಹೋಯಿತು. ಆರು ವರ್ಷದ ಮಗುವಿನ ಬಾಯಿಯೊಳಗೆ ಬೆರಳು ಹಾಕುವವರು ಯಾರು? ಅಭಿಮಾನಿಗಳಲ್ಲ. "ಅವ್ವಗ ಯಾರ್ರೀ ನೀವು ಅಂತಾರ?" ಅಂದರು ರಿವ್ಯೂವರ್. ನಮ್ಮ ಉಡುಪಿ ಕಡೆಯೂ ಅಪ್ಪನಿಗೆ ನೀವು, ಅಮ್ಮನಿಗೆ ನೀನು. ಇಂಗ್ಲಿಷಿನ 'ಯೂ' ಅಂದರೆ ಒಂದು ಮುಸುಕು. ಅದರ ಹಿಂದೆ ಊರಿಗೆ ಊರೇ ನಿಂತಿರಬಹುದು, ಒಬ್ಬಳೇ ನಿಂತಿರಬಹುದು. ಕನ್ನಡಕ್ಕೆ ತರುವವಳು ಮುಸುಕು ಎತ್ತಲೇಬೇಕು.

ಈ ಮುಸುಕಿಗೆ ಮೊದಲೂ ಒಮ್ಮೆ ಮೋಸ ಹೋಗಿದ್ದೆ, ಕೆಲಸದಲ್ಲಿ ಅಲ್ಲ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಊರಿನ ಸಿಲ್ವರ್‌ಚೇರ್ ಬ್ಯಾಂಡಿನ ಮೂವರು ಹುಡುಗರು 1994ರಲ್ಲಿ ಒಂದು ಸ್ಪರ್ಧೆ ಗೆದ್ದು ರಾತ್ರೋರಾತ್ರಿ ಹೆಸರಾದಾಗ ಅವರಿಗೆ ಹದಿನಾಲ್ಕು ಹದಿನೈದು ವಯಸ್ಸು, ಇನ್ನೂ ಶಾಲೆಯಲ್ಲಿದ್ದರು. 1999ರ ಅವರ ಮೂರನೇ ಆಲ್ಬಮ್‌ನಲ್ಲಿ ಆನಾ ಎಂಬುವಳನ್ನು ಕುರಿತ ಹಾಡಿದೆ. ಕಾಲೇಜಿನಲ್ಲಿ ಅದನ್ನು ಕೈಕೊಟ್ಟ ಹುಡುಗಿಯ ಹಾಡು ಅಂದುಕೊಂಡು ನಾನೂ ಗೆಳತಿಯರೂ ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತು ಹಾಡಿದ್ದೇ ಹಾಡಿದ್ದು. ಆನಾ ಹುಡುಗಿಯೇ ಅಲ್ಲ, ಅನೊರೆಕ್ಸಿಯಾ. ಹೆಸರು ಬಂದ ಮೇಲೆ ಗಾಯಕ ಡ್ಯಾನಿಯಲ್ ಜಾನ್ಸ್‌ಗೆ ಅಂಟಿದ್ದ, ಊಟ ಬಿಡಿಸುವ ಆ ಕಾಯಿಲೆಯನ್ನೇ ಅವನು ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದ. ಈಗ ಯಾವ ಹಾಡು ಬಂದರೂ ಅರ್ಥಕ್ಕಿಂತ ಮೊದಲು ಒಂದು ಕಾಗದದಲ್ಲಿ 'ಯಾರು, ಯಾರಿಗೆ' ಅಂತ ಬರೆದುಕೊಳ್ಳುತ್ತೇನೆ. ಸಾಲಿಗೆ ಸಾಲು ಅದು ಬದಲಾಗಬಹುದು.

ನಮ್ಮ ಹಾಡಿನಲ್ಲೂ ಬದಲಾಗುತ್ತಿತ್ತು. ಕೊನೆಯ ಚರಣದಲ್ಲಿ ಚಪ್ಪಾಳೆ ತಟ್ಟುವ 'ಯೂ' ಅಮ್ಮನೂ ಇರಬಹುದು, ಜನವೂ ಇರಬಹುದು. ತಟ್ಟಿದೆ ಅಂದರೆ ಅಮ್ಮ, ತಟ್ಟಿದಿರಿ ಅಂದರೆ ಜನ. 'ಚಪ್ಪಾಳೆ ಬಿತ್ತು' ಅಂತ ಹಾಕಿ ಪಾರಾದೆವು. ಕೈ ಯಾರದ್ದು ಅಂತ ಕನ್ನಡ ಕೇಳುವುದಿಲ್ಲ. ಅದು ಜಾಣತನ ಅಂತ ನನಗೆ ಈಗಲೂ ಅನಿಸುತ್ತದೆ, ರಿವ್ಯೂವರ್‌ಗೆ ಅನಿಸಿಲ್ಲ.

ಪೂರಾ ಒದ್ದಾಡಿಸಿದ್ದು ಮಾರಿದ ಸಾಲು.

ಮೊದಲು 'ನೀನು ಆ ನಗುವನ್ನು ಮಾರಿಕೊಂಡೆ' ಅಂತ ಬರೆದೆ. ಆ 'ಕೊಂಡೆ' ಸುಮ್ಮನೆ ಬಂದದ್ದಲ್ಲ. ಆ ವಾರವೆಲ್ಲ ಜಾಕಿ ಕೂಗನ್ ಬಗ್ಗೆ ಓದುತ್ತಿದ್ದೆ. 1921ರಲ್ಲಿ ಚಾಪ್ಲಿನ್ ಜೊತೆ 'ದಿ ಕಿಡ್' ಚಿತ್ರದಲ್ಲಿ ನಟಿಸಿದ ಹುಡುಗ. ದೊಡ್ಡವನಾಗಿ ನೋಡಿದರೆ ಲಕ್ಷಗಟ್ಟಲೆ ಡಾಲರ್ ದುಡಿಮೆ ಮನೆಯಲ್ಲೇ ಕರಗಿಹೋಗಿತ್ತು. 1938ರಲ್ಲಿ ತಾಯಿ, ಮಲತಂದೆಯ ಮೇಲೆ ದಾವೆ ಹೂಡಿದ, ಸಿಕ್ಕಿದ್ದು ಚೂರುಪಾರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆ ಕಾಯುವ ಕಾನೂನು ಬಂತು, ಈಗಲೂ ಅವನ ಹೆಸರಲ್ಲೇ ಕರೆಯುತ್ತಾರೆ. ಇದೆಲ್ಲ ತಲೆಯಲ್ಲಿ ತುಂಬಿಕೊಂಡು ಕೂತವಳ ಬೆರಳಿಗೆ 'ಮಾರಿಕೊಂಡೆ' ಬಾರದೆ ಇನ್ನೇನು ಬಂದೀತು? ಆದರೆ ಹಾಡಿನಲ್ಲಿ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಇರಲೇ ಇಲ್ಲ. ಕೂಗನ್‌ನ ತಾಯಿಯ ಮೇಲಿನ ಸಿಟ್ಟನ್ನು ಈ ತಾಯಿಯ ಮೇಲೆ ತೀರಿಸಿದ್ದೆ.

ಅಷ್ಟರಲ್ಲಿ ಅದೇ ಸರಣಿಯ ಕನ್ನಡ ಡಬ್ಬಿಂಗ್ ಶುರುವಾಯಿತು. ನಾಯಕಿಯ ಬಾಲ್ಯದ ದೃಶ್ಯಗಳಿಗೆ ದನಿ ಕೊಡಲು ಏಳು ವರ್ಷದ ಕನ್ನಡದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಕೋಆರ್ಡಿನೇಟರ್ ಕೈಯಲ್ಲಿ ಫಾರಂ ಇತ್ತು. 2017ರ ನಿಯಮದ ಪ್ರಕಾರ ಬಾಲಕಲಾವಿದರಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು, ಗಳಿಕೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಗೆ ಹೋಗಬೇಕು. ಆ ತಾಯಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿ ಸಹಿ ಹಾಕಿದರು. ಆಮೇಲೆ ಡಬ್ಬಿ ತೆರೆದು ಮಗಳಿಗೆ ಎರಡು ತುತ್ತು ಚಿತ್ರಾನ್ನ ತಿನ್ನಿಸಿ, ಬಾಯಿ ಒರೆಸಿ, ಬೂತಿನೊಳಗೆ ಕಳಿಸಿದರು.

ಹುಡುಗಿ ಜಾಣೆ. ಆದರೆ ಮುಂದಿನ ಎರಡು ಹಲ್ಲಿಲ್ಲ. 'ಸ' ಬಂದಲ್ಲೆಲ್ಲ ಮೈಕಿನಲ್ಲಿ ಸುಯ್ ಅಂತ ಗಾಳಿ. ತೆರೆಯ ಮೇಲಿನ ಮಗುವಿನ ಬಾಯಿ ತುಂಬ ಹಲ್ಲು ಫಳಫಳ. ಡೈರೆಕ್ಟರ್ ನನ್ನ ಕಡೆ ನೋಡಿದರು. ಸ್ಕ್ರಿಪ್ಟ್ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಹಿಡಿದೆ. 'ಸರಿ' ಇದ್ದಲ್ಲಿ 'ಆಯ್ತು'. 'ಸಾಕು' ಇದ್ದಲ್ಲಿ 'ಬೇಡ'. 'ಸೋಪು' ತೆಗೆದು 'ನೀರು', ತುಟಿ ಹೇಗೂ ಕಾಣುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಎರಡು ದೃಶ್ಯದಿಂದ ಒಂದೂ ಬಿಡದೆ 'ಸ'ಕಾರ ಕಿತ್ತುಹಾಕಿದೆ. ಟೇಕ್ ಓಕೆ ಆಯಿತು. ಎಲ್ಲರೂ ನನ್ನನ್ನು ಹೊಗಳಿದರು.

ಹೊರಗೆ ಚಹಾ ಕುಡಿಯುವಾಗ ಆ ತಾಯಿ ಕೇಳಿದರು, "ಅಕ್ಕ, ಹಲ್ಲು ಬರೋದು ತಡ ಆದ್ರೆ ಮುಂದಿನ ಎಪಿಸೋಡಿಗೆ ಬೇರೆಯವ್ರನ್ನ ಕರೀತಾರಾ?"

"ಇಲ್ಲಪ್ಪ, ನಾನಿದ್ದೀನಲ್ಲ," ಅಂದೆ.

ರಾತ್ರಿ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಫೋನಿನಲ್ಲೇ ಫೈಲು ತೆರೆದೆ. 'ಮಾರಿಕೊಂಡೆ' ಅಳಿಸಿ 'ಮಾರಿದೆ' ಮಾಡಿದೆ. ಆಮೇಲೆ 'ನೀನು' ಕೂಡ ತೆಗೆದೆ. ಉಳಿದದ್ದು ಇಷ್ಟೇ: 'ಆ ನಗುವನ್ನು ಮಾರಿದೆ.' ನಾನು ಮಾರಿದೆ, ನೀನು ಮಾರಿದೆ, ಬರಹದ ಕನ್ನಡದಲ್ಲಿ ಎರಡಕ್ಕೂ ಕ್ರಿಯಾಪದ ಒಂದೇ. ಓದುವವರಿಗೆ ಯಾರು ಬೇಕೋ ಅವರು. ನನ್ನ ಹನ್ನೊಂದು ವರ್ಷದ ಕೆಲಸದಲ್ಲೇ ಒಳ್ಳೆಯ ಸಾಲು ಅನಿಸಿತು.

ಬೆಳಿಗ್ಗೆ ಪುಣೆಯಿಂದ ಫೋನು. "ಯೂ ಎಲ್ಲಿ ಹೋತ್ರೀ ಮೇಡಂ?"

ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಛಲೋ ಐತಿ," ಅಂದರು. "ನಮ್ಮ ಕಡೆ ನೀ ಮಾರಿದಿ ಅಂತೀವಿ, ನಮಗ ಈ ಆಟ ಆಡಾಕ ಬರೂದಿಲ್ಲ. ಆದ್ರ ಆಕಿ ಅವ್ವಗ ಬೆರಳು ತೋರಿಸಿ ಹಾಡ್ಯಾಳ. ನೀವು ಯಾಕ ಅಡ್ಡ ನಿಂತೀರಿ?"

ನಾನು ಉತ್ತರ ಕೊಡಲಿಲ್ಲ. 'ನೀನು' ವಾಪಸ್ ಹಾಕಿ ಫೈಲು ಕಳಿಸಿದೆ.