ಒಂದು ಕಾವ್ಯಕ್ಕೆ ಒಂದು ನೌಕರಿ

ಹಾಸನದ ಪದವಿ ಕಾಲೇಜೊಂದರಲ್ಲಿ ಹಳಗನ್ನಡ ಪಾಠ ಮಾಡುವ ನನಗೆ ಲ್ಯಾಟಿನ್ ಮಹಾಕಾವ್ಯದ ವಿದ್ವಾಂಸರ ವೃತ್ತಿಜೀವನದ ವಿವರಗಳನ್ನು ಹುಡುಕಿ ಓದುವ ಅಭ್ಯಾಸವಿದೆ. ಲ್ಯಾಟಿನ್ ಭಾಷೆ ನನಗೆ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ತಡವರಿಸುತ್ತ ಓದುವಷ್ಟು ಮಾತ್ರ ಬರುತ್ತದೆ. ಆದರೂ ಓಲೆಗರಿಯ ಪಾಠಾಂತರಗಳ, ಅಂದರೆ ಪ್ರತಿಯಿಂದ ಪ್ರತಿಗೆ ಬದಲಾಗುವ ಪದಗಳ, ಜೊತೆ ಸ್ವಲ್ಪವಾದರೂ ಹೆಣಗಿದವರಿಗೆ ಆ ಮಂದಿ ಹೊರಗಿನವರೆಂದು ಅನ್ನಿಸುವುದಿಲ್ಲ. ವೃತ್ತಿಯ ಉದ್ದಕ್ಕೂ ಒಂದೇ ಕಾವ್ಯವನ್ನು, ಕೆಲವೊಮ್ಮೆ ಅದರ ಒಂದೆರಡು ಭಾಗಗಳನ್ನಷ್ಟೇ ಹಿಡಿದು ಕೂರುವುದು ಅಲ್ಲಿ ವಿಚಿತ್ರವಲ್ಲ. ಅದೇ ಅಲ್ಲಿಯ ನೌಕರಿ.

ಅವರ ಮುಂದಿರುವ ಸಾಮಗ್ರಿ ಎಂಥದೆಂಬುದನ್ನು ಮೊದಲು ಹೇಳಬೇಕು. ರೋಮನ್ ಕವಿ ವರ್ಜಿಲನ ‘ಈನಿಯಡ್’ 12 ಸರ್ಗಗಳ, ಸುಮಾರು 9,900 ಸಾಲುಗಳ ಕಾವ್ಯ. ಕ್ರಿ.ಪೂ. 19ರಲ್ಲಿ ಕವಿ ತೀರಿಕೊಂಡಾಗ ಅವನ ತಿದ್ದುಪಡಿ ಇನ್ನೂ ಮುಗಿದಿರಲಿಲ್ಲ. ಅರ್ಧಕ್ಕೇ ನಿಂತ ಐವತ್ತಕ್ಕೂ ಹೆಚ್ಚು ಸಾಲುಗಳು ಇಂದಿಗೂ ಹಾಗೆಯೇ ಉಳಿದಿವೆ. ಅದರ ಪ್ರಾಚೀನ ಚರ್ಮದ ಹಸ್ತಪ್ರತಿಗಳಲ್ಲಿ ಒಂದು, ಈಗ ಫ್ಲಾರೆನ್ಸಿನಲ್ಲಿರುವ ‘ಮೆಡಿಸಿಯಸ್’, ಐದನೆಯ ಶತಮಾನದ್ದು. 494ರಲ್ಲಿ ರೋಮಿನ ಕಾನ್ಸಲ್ ಎಂಬ ಉನ್ನತ ಪದವಿಯಲ್ಲಿದ್ದ ಆಸ್ಟೀರಿಯಸ್ ಎಂಬಾತ ಅದನ್ನು ಓದಿ ತಿದ್ದಿದ ಬಗ್ಗೆ ಅದರಲ್ಲೇ ಬರಹವಿದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಸುಮಾರು 450ರದೆಂದು ಹೇಳುತ್ತೇವೆ. ಅಂದರೆ ನಮಗೆ ಕಲ್ಲಿನಲ್ಲಿ ಹದಿನಾರು ಸಾಲು ಉಳಿದಿರುವ ಕಾಲದಿಂದ ಅವರಿಗೆ ಇಡೀ ಕಾವ್ಯದ ಶಾಯಿಯ ಪ್ರತಿಯೇ ಉಳಿದುಬಂದಿದೆ. ಹತ್ತನೆಯ ಶತಮಾನದ ಪಂಪನನ್ನು ನಾವು ಓದುವುದು ಅವನಿಗಿಂತ ಎಷ್ಟೋ ಈಚಿನ ಓಲೆಗಳಿಂದ. ಇದನ್ನು ಕೇಳಿ ಹೊಟ್ಟೆಕಿಚ್ಚುಪಡದ ಗ್ರಂಥಸಂಪಾದಕ ಕನ್ನಡದಲ್ಲಿ ಇರಲಾರ.

ವೃತ್ತಿಯ ದಾರಿ ಅಲ್ಲಿಯೂ ಎಲ್ಲರಿಗೂ ನೇರವಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಟಿನ್ ವಿದ್ವಾಂಸ ಎ.ಇ. ಹೌಸ್‌ಮನ್ ಅವರು 1881ರಲ್ಲಿ ಆಕ್ಸ್‌ಫರ್ಡಿನ ಅಂತಿಮ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಮರುವರ್ಷ ಲಂಡನ್ನಿನ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಹತ್ತು ವರ್ಷ ಅಲ್ಲಿಯೇ ದುಡಿದರು. ಕಚೇರಿ ಮುಗಿದ ಮೇಲೆ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತು ಗ್ರೀಕ್ ಮತ್ತು ಲ್ಯಾಟಿನ್ ಪಠ್ಯಗಳ ಬಗ್ಗೆ ಲೇಖನಗಳನ್ನು ಬರೆದರು. 1892ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕುವಾಗ ತಾವು ನಪಾಸಾದ ಸಂಗತಿಯನ್ನು ಅರ್ಜಿಯಲ್ಲಿಯೇ ನಮೂದಿಸಿದರು, ಆದರೂ ಹುದ್ದೆ ಅವರಿಗೇ ಸಿಕ್ಕಿತು. 1911ರಲ್ಲಿ ಕೇಂಬ್ರಿಜ್‌ಗೆ ಹೋದರು. ನೀರೋ ಚಕ್ರವರ್ತಿಯ ಆಜ್ಞೆಯಿಂದ 65ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಪ್ರಾಣ ಕಳೆದುಕೊಂಡ ಲೂಕನ್ ಕವಿ ಹತ್ತನೆಯ ಸರ್ಗದಲ್ಲಿ ನಿಲ್ಲಿಸಿಹೋದ ಅಂತರ್ಯುದ್ಧದ ಮಹಾಕಾವ್ಯವನ್ನು ಅವರು ಸಂಪಾದಿಸಿ ಪ್ರಕಟಿಸಿದ್ದು 1926ರಲ್ಲಿ. ಅದಕ್ಕೂ ಮೊದಲು ಕೈಹಾಕಿದ್ದ ಮನಿಲಿಯಸ್ ಕವಿಯ ಜ್ಯೋತಿಷ ಕಾವ್ಯದ ಐದು ಸಂಪುಟಗಳು 1903ರಿಂದ 1930ರವರೆಗೆ, ಸ್ವಂತ ಖರ್ಚಿನಲ್ಲಿ, ಒಂದೊಂದಾಗಿ ಹೊರಬಂದವು. ಹಿಂದಿನ ಸಂಪಾದಕರನ್ನು ಅವರು ಮುನ್ನುಡಿಗಳಲ್ಲಿ ಹೀಯಾಳಿಸುವ ರೀತಿ ನನಗೆ ಹಿಡಿಸುವುದಿಲ್ಲ. ಸತ್ತವರನ್ನು ಅಷ್ಟು ಬೈಯಬೇಕಾಗಿರಲಿಲ್ಲ. ಆದರೆ ಒಂದು ಪ್ರತಿಯನ್ನು ಅದೇ ಶ್ರೇಷ್ಠವೆಂದು ಕಣ್ಣುಮುಚ್ಚಿ ನಂಬಿ, ಅದರಲ್ಲಿರುವ ಅಸಂಬದ್ಧವನ್ನೂ ಸಮರ್ಥಿಸುವ ಸಂಪಾದಕರ ಮೇಲೆ ಅವರಿಗಿದ್ದ ಸಿಟ್ಟು ನ್ಯಾಯವಾದದ್ದು, ಮತ್ತು ಅದು ನಮ್ಮ ಕಡೆಗೂ ಸಲ್ಲಬೇಕಾದದ್ದು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವರು ಎನ್ನಿಯಸ್ ಕವಿಯ ಸಂಪಾದಕ ಆಟೊ ಸ್ಕುಚ್. ವರ್ಜಿಲನಿಗಿಂತ ಹಿಂದಿನವನಾದ ಎನ್ನಿಯಸ್ ರೋಮಿನ ಚರಿತ್ರೆಯನ್ನು 18 ಸರ್ಗಗಳಲ್ಲಿ ಹಾಡಿದ್ದ. ಆ ಕಾವ್ಯ ಕಳೆದುಹೋಗಿದೆ. ಸಿಸೆರೊನಂಥ ಲೇಖಕರೂ ವ್ಯಾಕರಣಕಾರರೂ ಉದ್ಧರಿಸಿದ ಸುಮಾರು ಆರುನೂರು ಸಾಲುಗಳು ಮಾತ್ರ ಉಳಿದಿವೆ. ಮೊದಲನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳನ್ನು ನಾವು ಬಿಡಿ ಪದ್ಯಗಳಲ್ಲಿ ಮಾತ್ರ ಬಲ್ಲೆವು, ಹೊಯ್ಸಳರ ಕಾಲದ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸದೆ ಇದ್ದಿದ್ದರೆ ಅಷ್ಟೂ ಕೈತಪ್ಪುತ್ತಿತ್ತೇನೋ. ಎನ್ನಿಯಸ್‌ನ ಸ್ಥಿತಿಯೂ ಅದೇ. ಸ್ಕುಚ್ ಅವರ ತಂದೆ ಫ್ರಾಂಜ್ ಕೂಡ ಲ್ಯಾಟಿನ್ ವಿದ್ವಾಂಸರು, ಎನ್ನಿಯಸ್ ಕುರಿತು ಬರೆದವರು. ಮಗ ಎಳೆಯ ಬಾಲಕನಾಗಿದ್ದಾಗಲೇ, 1912ರಲ್ಲಿ, ತೀರಿಕೊಂಡರು. ಮಗ ನಾಜಿ ಆಡಳಿತದ ಕಾಲದಲ್ಲಿ ಜರ್ಮನಿಯನ್ನು ಬಿಟ್ಟು ಬ್ರಿಟನ್ನಿಗೆ ಬಂದು, 1951ರಿಂದ 1972ರವರೆಗೆ ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದು, ನಿವೃತ್ತಿಯ ನಂತರವೂ ಕೆಲಸ ಮುಂದುವರಿಸಿ, 1985ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಎನ್ನಿಯಸ್‌ನ ಸಂಪಾದಿತ ಆವೃತ್ತಿಯನ್ನು ಸವಿಸ್ತಾರ ವ್ಯಾಖ್ಯಾನದೊಡನೆ ಹೊರತಂದರು.

ಇಂಥ ಕೆಲಸ ಒಬ್ಬರ ಆಯುಷ್ಯಕ್ಕೆ ಮುಗಿಯದೇ ಹೋಗುವುದೂ ಉಂಟು. ಆಕ್ಸ್‌ಫರ್ಡಿನಲ್ಲಿ 1854ರಲ್ಲಿ ಲ್ಯಾಟಿನ್ ಪ್ರಾಧ್ಯಾಪಕರಾದ ಜಾನ್ ಕಾನಿಂಗ್ಟನ್ ವರ್ಜಿಲನ ಕೃತಿಗಳಿಗೆ ಬರೆಯುತ್ತಿದ್ದ ವ್ಯಾಖ್ಯಾನ ಪೂರ್ಣವಾಗುವ ಮೊದಲೇ 1869ರಲ್ಲಿ ತೀರಿಕೊಂಡಾಗ ಹೆನ್ರಿ ನೆಟಲ್‌ಷಿಪ್ ಅದನ್ನು ಮುಗಿಸಿದರು. ಲಿವರ್‌ಪೂಲಿನ ಆರ್.ಜಿ. ಆಸ್ಟಿನ್ ಅವರ ‘ಈನಿಯಡ್’ನ ನಾಲ್ಕನೆಯ ಸರ್ಗದ ವ್ಯಾಖ್ಯಾನ 1955ರಲ್ಲಿ, ಎರಡನೆಯದು 1964ರಲ್ಲಿ, ಒಂದನೆಯದು 1971ರಲ್ಲಿ ಬಂದವು. ಆರನೆಯದನ್ನು ಅವರ ಮರಣಾನಂತರ, 1977ರಲ್ಲಿ, ಅಚ್ಚುಮಾಡಿದರು. 817 ಸಾಲುಗಳ ಏಳನೆಯ ಸರ್ಗಕ್ಕೆ ನಿಕೊಲಸ್ ಹಾರ್ಸ್‌ಫಾಲ್ 2000ದಲ್ಲಿ ಪ್ರಕಟಿಸಿದ ಗ್ರಂಥ ಐನೂರು ಪುಟಗಳನ್ನು ಮೀರುತ್ತದೆ, ಅದೂ ಅವರು ವಿಶ್ವವಿದ್ಯಾಲಯದ ಹುದ್ದೆಯನ್ನು ಬಿಟ್ಟ ಮೇಲೆ.

ಹೆಂಗಸರಿಗೆ ಈ ದಾರಿ ಇನ್ನಷ್ಟು ಸುತ್ತಿನದಾಗಿತ್ತು. ಲೂಕನ್‌ನ ಎರಡನೆಯ ಸರ್ಗಕ್ಕೆ 1992ರಲ್ಲಿ ವ್ಯಾಖ್ಯಾನ ಬರೆದ ಎಲೇನ್ ಫ್ಯಾಂಥಮ್ ಸ್ಕಾಟ್‌ಲೆಂಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳಿದವರು. ಆಮೇಲೆ ಟೊರಾಂಟೊ, 1986ರಲ್ಲಿ ಪ್ರಿನ್ಸ್‌ಟನ್.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಹೊಳೆನರಸೀಪುರದ ಕಡೆಯ ಹುಡುಗಿಯೊಬ್ಬಳು, “ಇವರಿಗೆಲ್ಲ ಪ್ರಮೋಷನ್ ಹೇಗೆ ಆಯ್ತು ಸಾರ್?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಬಡ್ತಿಯ ಅರ್ಜಿಗೆ ಐಎಸ್‌ಎಸ್‌ಎನ್ ಎಂಬ ಗುರುತಿನ ಸಂಖ್ಯೆಯಿರುವ ಪತ್ರಿಕೆಗಳ ಲೇಖನಗಳನ್ನು ಎಣಿಸಿ ಲಗತ್ತಿಸಬೇಕಾದ ದಿನಗಳಲ್ಲಿ, ಒಂದು ಆಶ್ವಾಸವನ್ನು ಹತ್ತು ವರ್ಷ ಓದುತ್ತೇನೆಂದರೆ ಅದು ಯಾವ ಕಾಲಮ್ಮಿಗೂ ಹೊಂದುವುದಿಲ್ಲ. ಆದರೂ ದೂರನ್ನು ಅಷ್ಟಕ್ಕೇ ನಿಲ್ಲಿಸುವುದು ಪ್ರಾಮಾಣಿಕವಲ್ಲವೆಂದು ನನ್ನ ಅಭಿಪ್ರಾಯ. ಲ್ಯಾಟಿನ್ನಿನವರ ನಿಜವಾದ ಅನುಕೂಲ ಸಂಬಳವೂ ಅಲ್ಲ, ಬಿಡುವೂ ಅಲ್ಲ. ಕಾನಿಂಗ್ಟನ್ ಅವರಿಗೆ ಒಬ್ಬ ನೆಟಲ್‌ಷಿಪ್ ಸಿಕ್ಕಿದ್ದು. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಇಲ್ಲದಿದ್ದರೆ ನನ್ನಂಥವರು ಪಂಪನನ್ನು ಪಾಠ ಮಾಡಲು ಹೆದರುತ್ತಿದ್ದೆವು. ಆದರೆ ಅವರು ಸಂದೇಹವೆಂದು ಬಿಟ್ಟ ಕಡೆಯಿಂದ ಮುಂದಕ್ಕೆ ಹೋಗುವುದನ್ನು ನಾವು ನೌಕರಿಯ ಭಾಗವೆಂದು ತಿಳಿದಿಲ್ಲ. ಪ್ರತಿಯೊಬ್ಬರೂ ಮೊದಲಿನಿಂದ ಆರಂಭಿಸಿ, ನಿವೃತ್ತರಾಗುವಾಗ ಟಿಪ್ಪಣಿಗಳನ್ನು ಮನೆಗೆ ಒಯ್ಯುತ್ತೇವೆ.

ಆದ್ದರಿಂದ ಈ ವರ್ಷ ನಮ್ಮ ವಿಭಾಗದಲ್ಲಿ ಒಂದು ಸಣ್ಣ ವ್ಯವಸ್ಥೆ ಮಾಡಿದ್ದೇವೆ. ನಮ್ಮ ನೆರೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಮೊದಲ ಸಂಧಿಯನ್ನು ಶನಿವಾರ ಮಧ್ಯಾಹ್ನ ಪದ್ಯಪದ್ಯವಾಗಿ ಓದುತ್ತಿದ್ದೇವೆ. ಅರ್ಥ, ಛಂದಸ್ಸು, ಮುದ್ರಿತ ಆವೃತ್ತಿಗಳ ಪಾಠಭೇದ, ಯಾರಿಗೆ ಎಲ್ಲಿ ಸಂದೇಹ ಬಂತು ಎಂಬುದನ್ನು ಒಂದೇ ದಾಖಲೆ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಆ ಹುಡುಗಿಯೇ ವಹಿಸಿಕೊಂಡಿದ್ದಾಳೆ. ಪುಸ್ತಕ ವಿಭಾಗದ ಬೀರುವಿನಲ್ಲಿರುತ್ತದೆ, ಸ್ಟಾಕ್ ರಿಜಿಸ್ಟರಿನಲ್ಲಿ ಅದಕ್ಕೆ ನಂಬರ್ ಕೊಟ್ಟಾಗಿದೆ. ನನಗೆ ವರ್ಗವಾದರೂ ಅದು ಇಲ್ಲಿಯೇ ಉಳಿಯುತ್ತದೆ.